ಪಾಸ್ ಗೆರೆ ಇಳಿಸೋದು ಸುಲಭ, ಗ್ರಾಫ್ ತೋರಿಸೋದು ಯಾಕೆ ಕಷ್ಟ?

ಎಸ್‌ಎಸ್‌ಎಲ್‌ಸಿ ಪಾಸಾಗೋಕೆ ಇನ್ನು 35 ಬೇಡ, 33 ಸಾಕು. 2025ರ ಅಕ್ಟೋಬರ್‌ನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಇದನ್ನು ಪ್ರಕಟಿಸಿದರು. 625ಕ್ಕೆ ಒಟ್ಟು 206 ಅಂಕ ಬರಬೇಕು, ಪ್ರತಿ ವಿಷಯದಲ್ಲಿ ಕನಿಷ್ಠ 30 ಇರಬೇಕು. ಅವತ್ತಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಒಂದು ಕಡೆಯವರು ‘ಗುಣಮಟ್ಟ ಹಾಳಾಯ್ತು’ ಅಂತಾರೆ. ಇನ್ನೊಂದು ಕಡೆಯವರು ‘ಬಡ ಮಕ್ಕಳಿಗೆ ಅನುಕೂಲ ಆಯ್ತು, ಸಿಬಿಎಸ್‌ಇಯಲ್ಲೂ 33 ತಾನೇ’ ಅಂತಾರೆ.

ಎರಡೂ ಕಡೆಯವರು ಜಗಳ ಆಡ್ತಿರೋದು ಒಂದು ಅಡ್ಡಗೆರೆಯ ಬಗ್ಗೆ. ಗ್ರಾಫ್ ಹಾಳೆಯಲ್ಲಿ ಅದರ ಸಮೀಕರಣ ಬಹಳ ಸರಳ: ವೈ = 35 ಇದ್ದದ್ದು ವೈ = 33 ಆಯಿತು. ಗೆರೆಯನ್ನು ಎರಡು ಮನೆ ಕೆಳಗೆ ಸರಿಸಿದರೆ ಅದರ ಮೇಲೆ ನಿಲ್ಲುವ ಮಕ್ಕಳ ಸಂಖ್ಯೆ ಹೆಚ್ಚಾಗುತ್ತೆ, ಅಷ್ಟೇ. ಮಕ್ಕಳು ಇದ್ದಲ್ಲೇ ಇರ್ತಾರೆ. ಅವರ ಕಲಿಕೆಯ ರೇಖೆ ಮೇಲೆ ಏರೋದು ಹೇಗೆ ಅನ್ನೋ ಪ್ರಶ್ನೆ ಈ ಗದ್ದಲದಲ್ಲಿ ಕೇಳಿಸ್ತಾನೇ ಇಲ್ಲ.

ಹಾಗಾಗಿ ಇವತ್ತು ಗಣಿತ ಪಠ್ಯದ ಒಂದು ಸಣ್ಣ ಮೂಲೆಯನ್ನು ಹಿಡಿದುಕೊಂಡು ಈ ಪ್ರಶ್ನೆ ಕೇಳೋಣ. ಆ ಮೂಲೆ ಗ್ರಾಫ್. ಎರಡು ಸಮೀಕರಣ ಕೊಟ್ಟರೆ ಅವು ಎಲ್ಲಿ ಸಂಧಿಸುತ್ತವೆ ಅಂತ ನೋಡೋದು, ಒಂದು ವೃತ್ತ ಎಳೆದು ಅದರ ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಅಂತ ನೋಡೋದು. ಜಗತ್ತಿನ ಹಲವು ಕಡೆ ಮಕ್ಕಳು ಇದನ್ನು ಗ್ರಾಫಿಂಗ್ ಕ್ಯಾಲ್ಕುಲೇಟರ್‌ನಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಮಾಡ್ತಾರೆ. ನಮ್ಮ ಸರ್ಕಾರಿ ಶಾಲೆಯ ಮಕ್ಕಳು ಪೆನ್ಸಿಲ್, ಸ್ಕೇಲು, ಹಸಿರು ಚೌಕದ ಹಾಳೆ ಹಿಡಿದು ಮಾಡ್ತಾರೆ. ಅದೂ ವರ್ಷಕ್ಕೆ ಒಂದೆರಡು ಸಲ, ಪರೀಕ್ಷೆಗಂತ.

ನಾಲ್ಕು ಅಂಕದ ಗ್ರಾಫ್

ಕರ್ನಾಟಕದ ಹತ್ತನೇ ತರಗತಿ ಗಣಿತ ಪುಸ್ತಕ ಈಗ ಎನ್‌ಸಿಇಆರ್‌ಟಿ ಮಾದರಿಯದ್ದು. ಅದರಲ್ಲಿ ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ ಅಂತ ಒಂದು ಅಧ್ಯಾಯ ಇದೆ. ಪರೀಕ್ಷೆಯಲ್ಲಿ ಇದರಿಂದ ‘ನಕ್ಷೆಯ ಮೂಲಕ ಬಿಡಿಸಿ’ ಅನ್ನೋ ಪ್ರಶ್ನೆ ಸಾಮಾನ್ಯವಾಗಿ ಬರುತ್ತೆ, ಇತ್ತೀಚಿನ ಪ್ರಶ್ನೆಪತ್ರಿಕೆಗಳಲ್ಲಿ ಅದಕ್ಕೆ ನಾಲ್ಕು ಅಂಕ. ಮೇಷ್ಟ್ರುಗಳಿಗೆ ಇದು ಅಚ್ಚುಮೆಚ್ಚಿನ ಪ್ರಶ್ನೆ. ‘ಪಾಸಿಂಗ್ ಪ್ಯಾಕೇಜ್’ನಲ್ಲಿ ಗ್ಯಾರಂಟಿ ಇರುವಂಥದ್ದು. ಕೋಷ್ಟಕ ಹಾಕು, ಮೂರು ಬಿಂದು ಗುರುತಿಸು, ಗೆರೆ ಎಳಿ, ಇನ್ನೊಂದು ಗೆರೆ ಎಳಿ, ಎರಡೂ ಸೇರಿದ ಜಾಗ ಬರಿ. ಮುಗೀತು.

ಮಗು ನಾಲ್ಕು ಅಂಕ ತಗೊಳ್ಳುತ್ತೆ. ಆದರೆ ಆ ಎರಡು ಗೆರೆ ಸೇರಿದ ಜಾಗದ ಅರ್ಥ ಏನು, ಸಮೀಕರಣದ ಒಂದು ಅಂಕಿ ಬದಲಾದರೆ ಆ ಜಾಗ ಎಲ್ಲಿಗೆ ಸರಿಯುತ್ತೆ, ಗೆರೆಗಳು ಸೇರದೇ ಹೋದರೆ ಏನರ್ಥ ಅನ್ನೋದಕ್ಕೆ ಪುರುಸೊತ್ತೇ ಇಲ್ಲ. ಒಂದು ಗ್ರಾಫ್ ಎಳೆಯೋಕೆ ಕೈಯಲ್ಲಿ ಹತ್ತು ಹದಿನೈದು ನಿಮಿಷ ಬೇಕು. 40 ನಿಮಿಷದ ಪೀರಿಯಡ್‌ನಲ್ಲಿ ಎಷ್ಟು ಎಳೀತೀರಿ? ಮೂರು. ಯಂತ್ರದಲ್ಲಾದರೆ ಅದೇ ಪೀರಿಯಡ್‌ನಲ್ಲಿ ಮೂವತ್ತು ನೋಡಬಹುದು. ಮೂರು ನೋಡಿದವರಿಗೆ ವಿಧಾನ ಸಿಗುತ್ತೆ, ಮೂವತ್ತು ನೋಡಿದವರಿಗೆ ವಿಷಯ ಅರ್ಥ ಆಗುತ್ತೆ.

ವೃತ್ತದ ಕಥೆ ಇನ್ನೂ ವಿಚಿತ್ರ. ಹತ್ತನೇ ತರಗತಿಯಲ್ಲಿ ವೃತ್ತ ಇದೆ, ಸ್ಪರ್ಶಕ ಇದೆ, ಪ್ರಮೇಯ ಇದೆ. ಬೇರೆ ಅಧ್ಯಾಯದಲ್ಲಿ ಎರಡು ಬಿಂದುಗಳ ನಡುವಿನ ದೂರದ ಸೂತ್ರವೂ ಇದೆ. ಎರಡನ್ನೂ ಸೇರಿಸಿದರೆ ವೃತ್ತದ ಸಮೀಕರಣ ತಾನಾಗೇ ಬರುತ್ತೆ: ಕೇಂದ್ರದಿಂದ ಒಂದೇ ದೂರದಲ್ಲಿರುವ ಎಲ್ಲ ಬಿಂದುಗಳು. ಆದರೆ ಆ ಕೊನೆಯ ಹೆಜ್ಜೆಯನ್ನು ನಾವು ಇಡೋದೇ ಇಲ್ಲ. ಅದು ಬರೋದು ಪ್ರಥಮ ಪಿಯುಸಿಯಲ್ಲಿ, ಗಣಿತ ತಗೊಂಡವರಿಗೆ ಮಾತ್ರ, ಬಹುಪಾಲು ಇಂಗ್ಲಿಷ್‌ನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಕಲಾ ವಿಭಾಗಕ್ಕೆ ಹೋದ ಹುಡುಗಿ, ಐಟಿಐ ಸೇರಿದ ಹುಡುಗ ತಮ್ಮ ಜೀವಮಾನದಲ್ಲಿ ವೃತ್ತದ ಸಮೀಕರಣವನ್ನು ನೋಡೋದೇ ಇಲ್ಲ.

‘ನೋಡದಿದ್ರೆ ಏನು ನಷ್ಟ’ ಅಂತ ಕೇಳಬಹುದು. ಹೆಮ್ಮಿಗೆಗೆ ಹೋಗೋಣ ಬನ್ನಿ.

ಹೆಮ್ಮಿಗೆಯ ಎರಡು ಚರಾಕ್ಷರ

ಹೆಮ್ಮಿಗೆ ತಿ. ನರಸೀಪುರ ತಾಲ್ಲೂಕಿನ ಊರು. ತಲಕಾಡಿನ ಕಡೆ, ಕಾವೇರಿ ಸೀಮೆ. ಕೆಆರ್‌ಎಸ್‌ನಿಂದ ಬಿಟ್ಟ ನೀರು ಶ್ರೀರಂಗಪಟ್ಟಣ ದಾಟಿ ಬರುತ್ತೆ. ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡು ದಾಟಿ ಬರುತ್ತೆ. ಎರಡೂ ತಿ. ನರಸೀಪುರದ ಸಂಗಮದಲ್ಲಿ ಸೇರುತ್ತವೆ. ಅಲ್ಲಿಂದ ಕೆಳಗಿನ ಊರುಗಳಿಗೆಲ್ಲ ಬರೋದು ಎರಡರ ಮೊತ್ತ.

ಕೆಆರ್‌ಎಸ್‌ ಹೊರಹರಿವು ಎಕ್ಸ್, ಕಬಿನಿ ಹೊರಹರಿವು ವೈ ಅಂತಿಟ್ಟುಕೊಳ್ಳಿ. ಸಂಗಮದ ಕೆಳಗೆ ಹರಿಯೋದು ಎಕ್ಸ್ + ವೈ. ಪ್ರತಿ ಮಳೆಗಾಲ ಟಿವಿಯಲ್ಲಿ ನಾವು ನೋಡೋದು ಎರಡು ಪ್ರತ್ಯೇಕ ಸುದ್ದಿ. ಕೆಆರ್‌ಎಸ್‌ 124.80 ಅಡಿ ತುಂಬಿತು, ಮುಖ್ಯಮಂತ್ರಿಯವರ ಬಾಗಿನ. ಕಬಿನಿ 2,284 ಅಡಿ ತಲುಪಿತು, ಅಲ್ಲೂ ಬಾಗಿನ. ಹೆಮ್ಮಿಗೆಯಂಥ ಊರಿಗೆ ಮುಖ್ಯವಾದದ್ದು ಎರಡೂ ಸುದ್ದಿಯ ಕೂಡುಲೆಕ್ಕ. ಅದನ್ನು ಯಾವ ಆ್ಯಂಕರೂ ಹೇಳೋದಿಲ್ಲ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ಒಟ್ಟು ಹರಿವು ಒಂದೂವರೆ ಲಕ್ಷ ಕ್ಯುಸೆಕ್ ದಾಟಿದರೆ ತಗ್ಗಿನ ಗದ್ದೆಗೆ ನೀರು ನುಗ್ಗುತ್ತೆ ಅಂದುಕೊಳ್ಳಿ (ಇದು ಉದಾಹರಣೆಗೆ ನಾನು ಇಟ್ಟ ಅಂಕಿ, ನಿಜವಾದ ಮಟ್ಟ ಊರಿನ ಹಿರಿಯರಿಗೆ ಗೊತ್ತಿರುತ್ತೆ). ಆಗ ಎಕ್ಸ್ + ವೈ = 1,50,000 ಅನ್ನೋದು ಒಂದು ಓರೆ ಗೆರೆ. ಅದರ ಕೆಳಗಿನ ಭಾಗ ಕ್ಷೇಮ, ಮೇಲಿನದು ಅಪಾಯ. ಇವತ್ತು ಕೆಆರ್‌ಎಸ್‌ನಿಂದ ಒಂದು ಲಕ್ಷ ಬಿಟ್ಟಿದ್ದಾರೆ ಅಂದರೆ ಎಕ್ಸ್ = 1,00,000 ಅನ್ನೋ ಲಂಬ ಗೆರೆ. ಎರಡೂ ಸೇರೋ ಜಾಗದಲ್ಲಿ ವೈ = 50,000. ಅಂದರೆ ಕಬಿನಿಯಿಂದ ಐವತ್ತು ಸಾವಿರಕ್ಕಿಂತ ಹೆಚ್ಚು ಬಿಟ್ಟರೆ ನಿಮ್ಮ ಗದ್ದೆ ನೀರಿಗೆ ಹೋಯ್ತು ಅಂತ ಲೆಕ್ಕ. ಇದು ಎರಡು ಸಮೀಕರಣಗಳ ಜೋಡಿ. ಹತ್ತನೇ ತರಗತಿಯ ಪಾಠ, ಬೇರೇನೂ ಅಲ್ಲ.

ನಿಜ ಜೀವನದ ಲೆಕ್ಕ ಇದಕ್ಕಿಂತ ಸ್ವಲ್ಪ ಗೋಜಲು. ಎರಡು ಅಣೆಕಟ್ಟೆಯ ನೀರು ಒಂದೇ ಹೊತ್ತಿಗೆ ತಲುಪೋದಿಲ್ಲ, ದಾರಿಯಲ್ಲಿ ಹಳ್ಳಗಳು ಸೇರುತ್ತವೆ, ನಾಲೆಗಳಿಗೆ ಹೋಗುತ್ತೆ. ಆದರೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಜಲಾಶಯಗಳ ಒಳಹರಿವು, ಹೊರಹರಿವಿನ ಅಂಕಿಗಳನ್ನು ಪ್ರತಿದಿನ ಪ್ರಕಟಿಸುತ್ತೆ. ಮೊಬೈಲಿನ ಗ್ರಾಫ್ ಆ್ಯಪ್‌ಗೆ ಒಂದು ಮಳೆಗಾಲದ ಆ ಅಂಕಿಗಳನ್ನು ಹಾಕಿ, ಯಾವ ದಿನ ಊರಿಗೆ ನೀರು ಬಂತು ಅಂತ ಗುರುತು ಮಾಡಿಕೊಂಡರೆ, ಅಪಾಯದ ಗೆರೆ ಎಲ್ಲಿದೆ ಅಂತ ಹದಿನೈದು ವರ್ಷದ ಹುಡುಗಿಯೇ ಎಳೆದು ತೋರಿಸಬಹುದು. ಆಮೇಲೆ ಗ್ರಾಮಸಭೆಯಲ್ಲಿ ಅವಳು ಕೇಳೋ ಪ್ರಶ್ನೆ ಬದಲಾಗುತ್ತೆ. ‘ಪರಿಹಾರ ಯಾವಾಗ ಕೊಡ್ತೀರಿ’ ಅನ್ನೋ ಜಾಗದಲ್ಲಿ, ‘ಎರಡೂ ಜಲಾಶಯ ಕಾವೇರಿ ನೀರಾವರಿ ನಿಗಮದ ಕೈಯಲ್ಲೇ ಇವೆ, ಈ ಎರಡು ಅಂಕಿಯನ್ನು ಕೂಡಿಸಿ ಮುಂಚಿತವಾಗಿ ನಮಗೆ ಯಾಕೆ ಹೇಳೋದಿಲ್ಲ’ ಅಂತ ಕೇಳ್ತಾಳೆ. ಮೊದಲನೆಯದು ಬೇಡಿಕೆ. ಎರಡನೆಯದು ಲೆಕ್ಕ ಕೇಳೋದು.

20 ಕಿ.ಮೀ.ಯ ವೃತ್ತದೊಳಗೆ ಯಾರು?

ಈಗ ವೃತ್ತಕ್ಕೆ ಬರೋಣ. ಹೆಮ್ಮಿಗೆಗೆ ನೀರು ಕಳಿಸುವ ಅದೇ ಕೆಆರ್‌ಎಸ್‌ ಸುತ್ತ ಒಂದು ವೃತ್ತ ಇದೆ. 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಸಬಾರದು ಅಂತ ಹೇಳಿತು. ಪಾಂಡವಪುರದ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆ ಬಗ್ಗೆ ವರ್ಷಗಳಿಂದ ಜಗಳ ಇತ್ತು. ಅದೇ ವರ್ಷ ಜುಲೈನಲ್ಲಿ ಪರೀಕ್ಷಾರ್ಥ ಸ್ಫೋಟ ಮಾಡೋಕೆ ಹೊರಟಾಗ ರೈತರು ಬೀದಿಗಿಳಿದರು.

ಅಣೆಕಟ್ಟೆಯನ್ನು ಮೂಲಬಿಂದು ಅಂತ ಇಟ್ಟುಕೊಂಡರೆ ಈ ಆದೇಶವನ್ನು ಒಂದು ಸಾಲಿನಲ್ಲಿ ಬರೀಬಹುದು: ಎಕ್ಸ್² + ವೈ² = 400. ಪೂರ್ವಕ್ಕೆ 12 ಕಿ.ಮೀ., ಉತ್ತರಕ್ಕೆ 15 ಕಿ.ಮೀ. ದೂರದಲ್ಲಿ ಒಂದು ಕ್ವಾರಿ ಇದೆಯಾ? 144 + 225 = 369. ನಾನೂರಕ್ಕಿಂತ ಕಡಿಮೆ, ಅಂದರೆ ನಿಷೇಧದ ಒಳಗೆ. ಪೂರ್ವಕ್ಕೆ 17, ಉತ್ತರಕ್ಕೆ 12? 289 + 144 = 433. ಹೊರಗೆ. ಸರ್ವೇಯರ್ ಬೇಕಿಲ್ಲ, ವಕೀಲರೂ ಬೇಕಿಲ್ಲ.

ಇಂಥ ವೃತ್ತದೊಳಗೆ ಒಂದು ನೇರ ರಸ್ತೆ ಹಾದು ಹೋಗುತ್ತೆ ಅಂದುಕೊಳ್ಳಿ, ಅದರ ಸಮೀಕರಣ ವೈ = ಎಕ್ಸ್ + 4. ಎರಡನ್ನೂ ಯಂತ್ರಕ್ಕೆ ಕೊಟ್ಟರೆ ಎರಡು ಕಡೆ ಸಂಧಿಸುತ್ತವೆ: (12, 16) ಮತ್ತು (-16, -12). ರಸ್ತೆಯ ಆ ಎರಡು ಬಿಂದುಗಳ ನಡುವಿನ ಭಾಗ ನಿಷೇಧದ ಒಳಗಿದೆ. ರಸ್ತೆ ವೈ = 20 ಆಗಿದ್ದರೆ ವೃತ್ತವನ್ನು ಬರೀ ಮುಟ್ಟಿ ಹೋಗುತ್ತೆ. ವೈ = 25 ಆದರೆ ಮುಟ್ಟೋದೇ ಇಲ್ಲ. ಎರಡು ಉತ್ತರ, ಒಂದು ಉತ್ತರ, ಉತ್ತರವೇ ಇಲ್ಲ. ವರ್ಗ ಸಮೀಕರಣದ ಪಾಠದಲ್ಲಿ ಶೋಧಕ ಅಂತ ಬಾಯಿಪಾಠ ಮಾಡಿಸುವ ಸಂಗತಿ ಇದೇ. ಪರದೆಯ ಮೇಲೆ ಗೆರೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ನೋಡಿದ ಮಗುವಿಗೆ ಅದನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ಈಗ ರಾಜಕೀಯದ ಪ್ರಶ್ನೆ. ನಾಳೆ ಯಾರೋ ಒಬ್ಬರು ಬಂದು ‘20 ಜಾಸ್ತಿ ಆಯ್ತು, 10 ಕಿ.ಮೀ. ಮಾಡೋಣ, ಅರ್ಧಕ್ಕೆ ರಾಜಿ’ ಅಂತಾರೆ ಅಂದುಕೊಳ್ಳಿ. ನ್ಯಾಯವಾದ ರಾಜಿ ಅನ್ನಿಸುತ್ತೆ, ಅಲ್ವಾ? 20 ಕಿ.ಮೀ. ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 1,256 ಚದರ ಕಿ.ಮೀ. 10 ಕಿ.ಮೀ. ತ್ರಿಜ್ಯದ್ದು ಸುಮಾರು 314. ತ್ರಿಜ್ಯ ಅರ್ಧ ಆದರೆ ರಕ್ಷಣೆ ಸಿಗೋ ಜಾಗ ಕಾಲುಭಾಗಕ್ಕೆ ಇಳಿಯುತ್ತೆ. ಮುಕ್ಕಾಲು ಪಾಲು ಗಣಿಗೆ ತೆರೆದುಕೊಳ್ಳುತ್ತೆ. ಅರ್ಧ ಅಂತ ಹೇಳಿ ಮುಕ್ಕಾಲು ತಗೊಂಡು ಹೋಗೋದನ್ನು ವೃತ್ತ ಗೊತ್ತಿಲ್ಲದವರ ಊರಿನಲ್ಲಿ ಸುಲಭವಾಗಿ ಮಾಡಬಹುದು.

ಇನ್ನೊಂದು ಪ್ರಶ್ನೆ: 20 ಕಿ.ಮೀ. ಎಲ್ಲಿಂದ? ಕೆಆರ್‌ಎಸ್‌ ಅಣೆಕಟ್ಟೆ ಒಂದು ಬಿಂದುವಲ್ಲ, ಅದರ ಉದ್ದ 8,600 ಅಡಿ, ಅಂದರೆ 2.6 ಕಿ.ಮೀ. ನಡುವಿನ ಒಂದು ಬಿಂದುವಿನಿಂದ ಅಳೆದರೆ ಶುದ್ಧ ವೃತ್ತ ಬರುತ್ತೆ. ಕಟ್ಟೆಯ ಉದ್ದಕ್ಕೂ ಪ್ರತಿ ಜಾಗದಿಂದ ಅಳೆದರೆ ವೃತ್ತ ಹಿಗ್ಗಿ ಕ್ಯಾಪ್ಸೂಲ್ ಮಾತ್ರೆಯ ಆಕಾರ ಬರುತ್ತೆ. ಕಟ್ಟೆ ನೇರವಾಗಿದೆ ಅಂದುಕೊಂಡರೆ ಎರಡರ ನಡುವಿನ ವ್ಯತ್ಯಾಸ ಸುಮಾರು 104 ಚದರ ಕಿ.ಮೀ. ಅಷ್ಟು ಜಾಗದಲ್ಲಿ ಎಷ್ಟು ಬೆಟ್ಟ, ಎಷ್ಟು ಊರು ಬರಬಹುದು ಯೋಚಿಸಿ. ಆದೇಶದ ಒಂದು ಪದದಲ್ಲಿ, ನಕ್ಷೆಯ ಒಂದು ಚುಕ್ಕಿಯಲ್ಲಿ ಇಷ್ಟು ಅಡಗಿರುತ್ತೆ.

ಇದು ಕೆಆರ್‌ಎಸ್‌ ಕಥೆ ಮಾತ್ರ ಅಲ್ಲ. ಶಿಕ್ಷಣ ಹಕ್ಕಿನ ನಿಯಮದಲ್ಲಿ ಪ್ರಾಥಮಿಕ ಶಾಲೆ ಒಂದು ಕಿ.ಮೀ. ಒಳಗಿರಬೇಕು, ಹಿರಿಯ ಪ್ರಾಥಮಿಕ ಮೂರು ಕಿ.ಮೀ. ಒಳಗೆ. ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಇದೆ. ಸರ್ಕಾರ ನಮ್ಮನ್ನು ಆಳೋದು ಬಹುಪಾಲು ಇಂಥ ಗೆರೆ ಮತ್ತು ವೃತ್ತಗಳಿಂದಲೇ. ಅವನ್ನು ಓದೋಕೆ ಬರದ ಪ್ರಜೆ, ಯಾರೋ ಓದಿ ಹೇಳಿದ್ದನ್ನು ನಂಬಬೇಕಾಗುತ್ತೆ.

ಯಂತ್ರದ ಕಥೆ, ಯಂತ್ರದ ಸುಳ್ಳು

ಜಗತ್ತಿನ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರ್ 1985ರಲ್ಲಿ ಬಂತು, ಕ್ಯಾಸಿಯೊ ಕಂಪನಿಯ ಎಫ್‌ಎಕ್ಸ್‌-7000ಜಿ. 1990ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನದನ್ನು ತಂದಿತು. ಅಮೆರಿಕದ ಎಪಿ ಕ್ಯಾಲ್ಕುಲಸ್ ಪರೀಕ್ಷೆ 1995ರಿಂದ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕು ಅಂದಿತು. ಅಲ್ಲಿಂದ ಅದು ಪ್ರತಿ ಹೈಸ್ಕೂಲು ಬ್ಯಾಗಿನ ಸಾಮಾನು. ಬೆಲೆ ಇವತ್ತಿಗೂ ನೂರು ಡಾಲರ್‌ಗೂ ಹೆಚ್ಚು.

ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಆ ಓದಿನಿಂದ ಈ ಕೆಲಸಕ್ಕೆ ಉಪಯೋಗಕ್ಕೆ ಬಂದ ಸಂಗತಿಗಳಲ್ಲಿ ಒಂದು, ಯಂತ್ರ ತೋರಿಸಿದ್ದನ್ನು ತಕ್ಷಣ ನಂಬಬಾರದು ಅನ್ನೋದು. ಗ್ರಾಫಿಂಗ್ ಕ್ಯಾಲ್ಕುಲೇಟರ್‌ನಲ್ಲಿ ವೃತ್ತ ಎಳೆಯೋದು ಇದಕ್ಕೆ ಒಳ್ಳೇ ಪಾಠ.

ಹಳೇ ಮಾದರಿಯ ಯಂತ್ರಕ್ಕೆ ‘ವೈ =’ ಅಂತಲೇ ಸಮೀಕರಣ ಕೊಡಬೇಕು. ಒಂದು ಎಕ್ಸ್‌ಗೆ ಒಂದೇ ವೈ. ಆದರೆ ವೃತ್ತದಲ್ಲಿ ಒಂದು ಎಕ್ಸ್‌ಗೆ ಮೇಲೊಂದು, ಕೆಳಗೊಂದು, ಎರಡು ವೈ ಇರುತ್ತೆ. ಹಾಗಾಗಿ ವೃತ್ತವನ್ನು ಎರಡು ಹೋಳು ಮಾಡಿ ಕೊಡಬೇಕು: ವೈ = √(400 - ಎಕ್ಸ್²), ಮತ್ತು ಅದರದೇ ಋಣ ರೂಪ. ಎರಡು ಅರ್ಧಚಂದ್ರ ಸೇರಿ ಒಂದು ವೃತ್ತ.

ಎಳೆದ ಮೇಲೆ ಪರದೆ ನೋಡಿದರೆ ಎರಡು ತಮಾಷೆ ಕಾಣುತ್ತೆ. ಒಂದು, ವೃತ್ತ ಮೊಟ್ಟೆಯ ಹಾಗೆ ಅಡ್ಡಕ್ಕೆ ಚಪ್ಪಟೆಯಾಗಿರುತ್ತೆ. ಯಾಕೆಂದರೆ ಆ ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕಿ. ಎರಡೂ ಅಕ್ಷಕ್ಕೆ -25ರಿಂದ 25 ಅಂತ ಕೊಟ್ಟರೆ, ಅಡ್ಡಕ್ಕೆ ಒಂದು ಕಿ.ಮೀ. ಉದ್ದದ ಒಂದು ಕಿ.ಮೀ.ಗಿಂತ ದೊಡ್ಡದಾಗಿ ಕಾಣುತ್ತೆ. ಅಡ್ಡಕ್ಕೆ -37.5ರಿಂದ 37.5 ಅಂತ ಬದಲಿಸಿದರೆ ಮಾತ್ರ ಅದು ದುಂಡಗಾಗುತ್ತೆ. ಎರಡು, ಎಡ-ಬಲ ತುದಿಯಲ್ಲಿ ಎರಡು ಹೋಳು ಸೇರದೆ ಬಿರುಕು ಕಾಣಬಹುದು. ವೃತ್ತದಲ್ಲಿ ಬಿರುಕಿಲ್ಲ, ಅಲ್ಲಿ ಚುಕ್ಕಿ ಇಡೋಕೆ ಪರದೆಗೆ ಜಾಗ ಸಿಗಲಿಲ್ಲ ಅಷ್ಟೇ.

ಇದನ್ನು ಒಮ್ಮೆ ಕೈಯಾರೆ ನೋಡಿದವರು ಟಿವಿಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಬರೋ ಗ್ರಾಫ್‌ಗಳನ್ನು ಮೊದಲಿನ ಹಾಗೆ ನೋಡಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನೇ ತಗೊಳ್ಳಿ. 2024ರಲ್ಲಿ ಶೇ. 73.40, 2025ರಲ್ಲಿ ಶೇ. 62.34. ಅಕ್ಷವನ್ನು 60ರಿಂದ ಶುರು ಮಾಡಿ ಎರಡು ಕಂಬ ನಿಲ್ಲಿಸಿದರೆ, ಒಂದು 13.40 ಎತ್ತರ, ಇನ್ನೊಂದು 2.34. ಫಲಿತಾಂಶ ಆರರಲ್ಲಿ ಒಂದು ಪಾಲಿಗೆ ಕುಸಿದ ಹಾಗೆ ಕಾಣುತ್ತೆ! ಸೊನ್ನೆಯಿಂದ ಶುರು ಮಾಡಿದರೆ ಇಳಿಕೆ ಮೊದಲಿದ್ದದ್ದರ ಸುಮಾರು ಶೇ. 15 ಮಾತ್ರ. ಅದಕ್ಕಿಂತ ದೊಡ್ಡ ಮಾತು, 2024ರ ಅಂಕಿ ಬಂದಿದ್ದು ಶೇ. 20ರಷ್ಟು ಕೃಪಾಂಕ ಕೊಟ್ಟ ಮೇಲೆ. 2025ರಲ್ಲಿ ಆ ಕೃಪೆ ಇರಲಿಲ್ಲ. ಎರಡು ಕಂಬಗಳ ಅಳತೆಗೋಲೇ ಬೇರೆ. ಇನ್ನು ಪಾಸ್ ಗೆರೆ 33ಕ್ಕೆ ಇಳಿದ ಮೇಲೆ ಬರೋ ಫಲಿತಾಂಶವನ್ನು ‘ದಾಖಲೆಯ ಏರಿಕೆ’ ಅಂತ ಯಾರಾದರೂ ಕಂಬ ನಿಲ್ಲಿಸಿದರೆ, ಅಳತೆಗೋಲು ಯಾವುದು ಅಂತ ಮೊದಲು ಕೇಳಿ.

ಗಡಿಯಾಚೆ ಅದೇ ಕನ್ನಡ, ಬೇರೆ ಪರೀಕ್ಷೆ

‘ನೂರು ಡಾಲರ್ ಯಂತ್ರ ನಮ್ಮ ಹಳ್ಳಿ ಮಕ್ಕಳಿಗೆ ಎಲ್ಲಿಂದ ತರೋದು?’ ಇದು ನ್ಯಾಯವಾದ ಪ್ರಶ್ನೆ ಆಗಿತ್ತು. ಈಗ ಅಲ್ಲ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ ಜಿಯೋಜೀಬ್ರಾ ಶಾಲೆ, ಮಕ್ಕಳಿಗೆ ಉಚಿತ. 2011ರಲ್ಲಿ ಶುರುವಾದ ಡೆಸ್ಮಾಸ್ ಕೂಡ ಉಚಿತ. ಎರಡರಲ್ಲೂ ಎಕ್ಸ್² + ವೈ² = 400 ಅಂತ ನೇರವಾಗಿ ಟೈಪ್ ಮಾಡಿದರೆ ಸಾಕು, ವೃತ್ತ ದುಂಡಗೇ ಬರುತ್ತೆ. ಸಾಧಾರಣ ಮೊಬೈಲ್‌ನಲ್ಲೂ ಓಡುತ್ತೆ.

ಮೊಬೈಲ್ ಇದೆಯಾ? 2024ರ ಅಸರ್ ವರದಿ ಪ್ರಕಾರ ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ. 57, ಸೋಶಿಯಲ್ ಮೀಡಿಯಾಗೆ ಬಳಸಿದವರು ಶೇ. 76. ಯಂತ್ರ ಕೈಯಲ್ಲಿದೆ. ಅದರಲ್ಲಿ ರೀಲ್ಸ್ ಬಿಟ್ಟು ಬೇರೇನು ಮಾಡಬಹುದು ಅಂತ ತೋರಿಸೋರು ಬೇಕು.

ತೋರಿಸಿದವರು ಪಕ್ಕದಲ್ಲೇ ಇದ್ದಾರೆ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರು ಮಾಡಿತು, 2017ರಲ್ಲಿ ಅದು ಕೈಟ್ ಅನ್ನೋ ಸರ್ಕಾರಿ ಸಂಸ್ಥೆ ಆಯಿತು. ಶಾಲೆಯ ಕಂಪ್ಯೂಟರ್‌ಗಳಲ್ಲಿ ಸ್ವತಂತ್ರ ತಂತ್ರಾಂಶ, ಅದರಲ್ಲಿ ಜಿಯೋಜೀಬ್ರಾ, ಪ್ರೌಢಶಾಲೆಯ ಐಸಿಟಿ ಪಠ್ಯದಲ್ಲಿ ಅದರ ಚಟುವಟಿಕೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರ ಪಠ್ಯಪುಸ್ತಕಗಳನ್ನು ಕನ್ನಡದಲ್ಲೇ ಕೊಡುತ್ತೆ. ಅಲ್ಲಿ ವರ್ಷಗಳ ಕಾಲ ನಡೆದ ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ವೃತ್ತದ ಸಮೀಕರಣವೂ ಇತ್ತು. ಅಂದರೆ ನಮ್ಮದೇ ಭಾಷೆಯಲ್ಲಿ ಓದೋ ಮಗು, ಗಡಿಯ ಆಚೆ ಇದೆ ಅನ್ನೋ ಕಾರಣಕ್ಕೆ, ಹೆಮ್ಮಿಗೆಯ ಮಗು ನೋಡದಿದ್ದದ್ದನ್ನು ನೋಡುತ್ತೆ. ಕಾಸರಗೋಡಿನ ಕನ್ನಡದ ಬಗ್ಗೆ ನವೆಂಬರ್‌ನಲ್ಲಿ ಭಾಷಣ ಮಾಡುವವರು ಅಲ್ಲಿನ ಕನ್ನಡ ಶಾಲೆಗಳಿಂದ ಇದನ್ನೂ ಕಲಿಯಬಹುದು.

ಕರ್ನಾಟಕ ಏನೂ ಮಾಡಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಶಿಕ್ಷಕರ ವಿಷಯ ವೇದಿಕೆ ಕಟ್ಟಿದವು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಅನ್ನೋ ಜಾಲತಾಣದಲ್ಲಿ ಗಣಿತ ಶಿಕ್ಷಕರೇ ಕನ್ನಡದಲ್ಲಿ ಪಾಠ, ಜಿಯೋಜೀಬ್ರಾ ಕಡತ ಹಾಕಿದ್ದಾರೆ. ಆಮೇಲೆ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ ಬಂತು, ಶಿಕ್ಷಕರಿಗೆ ತರಬೇತಿ ಸಿಕ್ಕಿತು, ಶಾಲೆಗಳಿಗೆ ಉಪಕರಣ ಬಂತು.

ಮತ್ತೆ ವ್ಯತ್ಯಾಸ ಎಲ್ಲಿದೆ? ನನ್ನ ಪ್ರಕಾರ ಒಂದೇ ಕಡೆ. ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ ಐಟಿ ಪ್ರಾಯೋಗಿಕ ಪರೀಕ್ಷೆ ಇದೆ. ಮಗು ಕಂಪ್ಯೂಟರ್ ಮುಂದೆ ಕೂತು ಮಾಡಿ ತೋರಿಸಬೇಕು, ಅದಕ್ಕೆ ಅಂಕ ಇದೆ. ನಮ್ಮಲ್ಲಿ ಇಲ್ಲ. ಪರೀಕ್ಷೆಯಲ್ಲಿ ಇಲ್ಲದ್ದು ಜನವರಿ ನಂತರ ತರಗತಿಯಲ್ಲಿ ಇರೋದಿಲ್ಲ. ಪ್ರಿಪರೇಟರಿ, ಪಾಸಿಂಗ್ ಪ್ಯಾಕೇಜ್, ವಿಶೇಷ ತರಗತಿ, ಪರೀಕ್ಷೆ-1, ಪರೀಕ್ಷೆ-2. ಈ ಒತ್ತಡದಲ್ಲಿ ಯಾವ ಮೇಷ್ಟ್ರು ಲ್ಯಾಬ್ ಬೀಗ ತೆಗೀತಾರೆ? ಅವರನ್ನು ದೂರಿ ಪ್ರಯೋಜನ ಇಲ್ಲ.

ಅದೇ ಹೊತ್ತಿಗೆ ಬೆಂಗಳೂರಿನ ಐಬಿ ಶಾಲೆಗಳಲ್ಲಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇಲ್ಲದೆ ಗಣಿತ ಪರೀಕ್ಷೆಯೇ ಪೂರ್ತಿ ಆಗಲ್ಲ. ಅಮೆರಿಕಕ್ಕೆ ಹೋಗೋರು ಬರೆಯೋ ಡಿಜಿಟಲ್ ಎಸ್‌ಎಟಿಯ ಪರದೆಯೊಳಗೇ ಡೆಸ್ಮಾಸ್ ಇದೆ. ನಮ್ಮದೇ ಗೇಟ್ ಪರೀಕ್ಷೆಯಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೊಡ್ತಾರೆ. ಲಕ್ಷಗಟ್ಟಲೆ ಫೀಸು ಕಟ್ಟೋರ ಮಕ್ಕಳಿಗೆ ಯಂತ್ರ ‘ಯೋಚನೆಯ ಸಾಧನ’, ಸರ್ಕಾರಿ ಶಾಲೆ ಮಕ್ಕಳಿಗೆ ಅದೇ ಯಂತ್ರ ‘ಸೋಮಾರಿತನ’. ಇದು ಗಣಿತದ ವಾದ ಅಲ್ಲ, ವರ್ಗದ ವಾದ.

‘ಕೈಲೆಕ್ಕ ಮರೀತಾರೆ’ ಅನ್ನೋರಿಗೆ

ಈ ಆತಂಕವನ್ನು ತಳ್ಳಿಹಾಕೋದು ಬೇಡ. ಮಗ್ಗಿ ಬರದ ಮಗುವಿನ ಕೈಗೆ ಗ್ರಾಫ್ ಆ್ಯಪ್ ಕೊಟ್ಟರೆ ಅದು ಬರೀ ಬಣ್ಣದ ಗೆರೆಗಳ ಆಟ ಆಗಬಹುದು. ಮೊದಲ ನಾಲ್ಕೈದು ಗ್ರಾಫ್ ಕೈಯಲ್ಲೇ ಎಳೀಲಿ. ಬಿಂದು ಗುರುತಿಸೋದು, ಅಕ್ಷಕ್ಕೆ ಅಳತೆ ಇಡೋದು ಕೈಗೆ ಗೊತ್ತಾಗಬೇಕು. ಆಮೇಲಿನ ಇಪ್ಪತ್ತೈದು ಯಂತ್ರ ಎಳೀಲಿ, ಮಗು ಯೋಚಿಸಲಿ. ಮೊಟ್ಟೆಯ ಆಕಾರದ ವೃತ್ತ ನೋಡಿ ‘ಇದು ತಪ್ಪು’ ಅಂತ ಹಿಡಿಯೋಕೆ ವೃತ್ತ ಅಂದರೇನು ಅಂತ ಗೊತ್ತಿರಲೇಬೇಕು. ಯಂತ್ರ ಇರೋ ತರಗತಿಯಲ್ಲಿ ತಲೆಗೆ ಕೆಲಸ ಕಡಿಮೆ ಆಗಲ್ಲ, ಬೇರೆ ಥರ ಆಗುತ್ತೆ.

ಹಾಗಾದರೆ ಸರ್ಕಾರ ಏನು ಮಾಡಬೇಕು? ಹೊಸ ಟೆಂಡರ್ ಬೇಡ, ಟ್ಯಾಬ್ಲೆಟ್ ಹಂಚೋ ಫೋಟೊ ಕಾರ್ಯಕ್ರಮವೂ ಬೇಡ. ಮೂರು ಸಣ್ಣ ಕೆಲಸ ಸಾಕು.

ಮೊದಲನೆಯದು, ಗಣಿತದ 100 ಅಂಕದಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ ಇವೆ. ಅದರಲ್ಲಿ ಐದನ್ನು ಗ್ರಾಫ್ ಪ್ರಯೋಗಕ್ಕೆ ಮೀಸಲಿಡಿ. ಲ್ಯಾಬ್ ಇದ್ದಲ್ಲಿ ಲ್ಯಾಬ್, ಇಲ್ಲದಿದ್ದಲ್ಲಿ ಮೇಷ್ಟ್ರ ಒಂದು ಫೋನ್, ಒಂದು ಗುಂಪಿಗೆ ಒಂದು ಸರದಿ.

ಎರಡನೆಯದು, ಪ್ರಶ್ನೆಪತ್ರಿಕೆಯ ನಾಲ್ಕು ಅಂಕದ ಪ್ರಶ್ನೆಯನ್ನು ಕೆಲವು ವರ್ಷ ತಿರುಗಿಸಿ ಕೇಳಿ. ಗ್ರಾಫನ್ನು ಮುದ್ರಿಸಿಯೇ ಕೊಡಿ. ‘ಈ ಎರಡು ಗೆರೆ ಸೇರಿದ ಜಾಗದ ಅರ್ಥ ಏನು? ಒಂದು ಗೆರೆ ಮೇಲೆ ಸರಿದರೆ ಏನಾಗುತ್ತೆ? ಈ ಬಿಂದು ವೃತ್ತದ ಒಳಗೋ ಹೊರಗೋ?’ ಅಂತ ಕೇಳಿ. ಎಳೆಯೋ ಕೌಶಲದ ಜೊತೆ ಓದೋ ಕೌಶಲಕ್ಕೂ ಅಂಕ ಸಿಗಲಿ.

ಮೂರನೆಯದು, ಲೆಕ್ಕಗಳು ಊರಿನವಾಗಿರಲಿ. ಪುಸ್ತಕದಲ್ಲಿ ಪೆನ್ಸಿಲ್, ಪೆನ್ನುಗಳ ಬೆಲೆ ಕಂಡುಹಿಡಿಯೋದು ಸಾಕಾಯ್ತು. ತಿ. ನರಸೀಪುರದ ಮಕ್ಕಳಿಗೆ ಎರಡು ಜಲಾಶಯದ ಹರಿವು, ಪಾಂಡವಪುರದವರಿಗೆ 20 ಕಿ.ಮೀ.ಯ ವೃತ್ತ, ನಂಜನಗೂಡಿನವರಿಗೆ ಕಬಿನಿ ಮಟ್ಟ. ಅಂಕಿಗಳು ಸರ್ಕಾರವೇ ಪ್ರಕಟಿಸಿದವು, ಸಾರ್ವಜನಿಕವಾಗಿವೆ.

ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಮಾಧ್ಯಮ ಯಾವುದಿರಬೇಕು, ಭಾಷೆ ಎಷ್ಟಿರಬೇಕು ಅಂತ ಚರ್ಚೆ ನಡೀತಿದೆ. ನಡೀಲಿ, ಅದು ಬೇಕು. ಆದರೆ ಕನ್ನಡ ಮಾಧ್ಯಮ ಉಳಿಯಬೇಕು ಅನ್ನೋ ನಮ್ಮಂಥವರು ಇನ್ನೊಂದು ಪ್ರಶ್ನೆಯನ್ನೂ ಜೊತೆಗೇ ಕೇಳಬೇಕು: ಕನ್ನಡದಲ್ಲಿ ಓದೋ ಮಗುವಿಗೆ ಆಧುನಿಕ ಸಾಧನಗಳು ಕನ್ನಡದಲ್ಲೇ ಸಿಗ್ತಾವಾ? ವೃತ್ತದ ಸಮೀಕರಣ ಇಂಗ್ಲಿಷ್‌ನಲ್ಲಿ, ಪಿಯುಸಿ ವಿಜ್ಞಾನದಲ್ಲಿ ಮಾತ್ರ ಸಿಗೋದಾದರೆ ಅಪ್ಪ-ಅಮ್ಮ ಮಗುವನ್ನು ಎಲ್ಲಿಗೆ ಕಳಿಸ್ತಾರೆ ಅಂತ ಬೇರೆ ಹೇಳಬೇಕಾ?

ಪ್ರತಿ ವರ್ಷ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ಬರೀತಾರೆ. ಅವರಲ್ಲಿ ಎಷ್ಟು ಮಂದಿ 33ರ ಗೆರೆ ದಾಟಿದರು ಅಂತ ಮೇ ತಿಂಗಳಲ್ಲಿ ಎಲ್ಲರೂ ಎಣಿಸ್ತಾರೆ. ಜುಲೈನಲ್ಲಿ ಕೆಆರ್‌ಎಸ್‌, ಕಬಿನಿ ಎರಡೂ ತುಂಬಿ ಗೇಟು ತೆಗೆದಾಗ, ಎರಡು ಅಂಕಿ ಕೂಡಿಸಿ ‘ನಮ್ಮೂರಿಗೆ ಎಷ್ಟು ಬರುತ್ತೆ’ ಅಂತ ಲೆಕ್ಕ ಹಾಕಿ ಅಧಿಕಾರಿಗೆ ಫೋನ್ ಮಾಡೋ ಮಕ್ಕಳು ಹೆಮ್ಮಿಗೆಯಲ್ಲಿ ಎಷ್ಟಿದ್ದಾರೆ? ಮುಂದಿನ ಸಲ ನಿಮ್ಮ ಕ್ಷೇತ್ರದ ಶಾಸಕರು ಫಲಿತಾಂಶದ ಅಂಕಿ ಹಿಡಿದುಕೊಂಡು ವೇದಿಕೆ ಹತ್ತಿದಾಗ ಈ ಎರಡನೇ ಅಂಕಿಯನ್ನೂ ಕೇಳಿ.